ಆಂಟಿಸೈಕೋಟಿಕ್ ಮಾತ್ರೆ: ತಪ್ಪದೆ, ಜೋಪಾನವಾಗಿ ತಗೊಳ್ಳುವುದು ಹೇಗೆ?

ಯಾರೂ ಇಲ್ಲದಿದ್ದರೂ ದನಿ ಕೇಳಿಸುವುದು, ಎಲ್ಲರ ಮೇಲೂ ಅನುಮಾನ. ಇಂಥ ತೊಂದರೆಗೆ ಮನೋವೈದ್ಯರು ಒಲಾಂಜಪೈನ್, ರಿಸ್ಪೆರಿಡೋನ್, ಕ್ವೆಟಿಯಾಪೈನ್‌ನಂಥ ಮಾತ್ರೆ ಬರೆದುಕೊಡುತ್ತಾರೆ. ಇವನ್ನೇ ಆಂಟಿಸೈಕೋಟಿಕ್ ಅನ್ನುವುದು. ಇವು ಒಳ್ಳೆಯ ಮಾತ್ರೆಗಳೇ. ಆದರೆ ದಿನಾ ತಗೊಂಡರೆ ಮಾತ್ರ ಕೆಲಸ ಮಾಡುತ್ತವೆ.

ಮೊದಲು ವೈದ್ಯರ ಹತ್ತಿರ ಏನನ್ನೂ ಮುಚ್ಚಿಡಬೇಡಿ. ಸಕ್ಕರೆ ಕಾಯಿಲೆ, ಹೃದಯದ ತೊಂದರೆ, ಬಸುರಿಯಾಗಿದ್ದರೆ ಅದು, ಬೇರೆ ಔಷಧಿ, ಕುಡಿತ, ಎಲ್ಲವನ್ನೂ ಹೇಳಿ. ಸಿಗರೇಟು ಸೇದುವುದನ್ನೂ ಹೇಳಲೇಬೇಕು. ಅದರ ಹೊಗೆಯಿಂದ ಒಲಾಂಜಪೈನ್, ಇದೇ ಗುಂಪಿನ ಕ್ಲೋಜಪೈನ್ ಎರಡೂ ಮೈಯಲ್ಲಿ ಬೇಗ ಕರಗಿಹೋಗುತ್ತವೆ. ಸೇದುವುದನ್ನು ದಿಢೀರ್ ಬಿಟ್ಟರೆ ಅದೇ ಡೋಸ್ ಜಾಸ್ತಿಯಾಗಿಬಿಡುತ್ತದೆ. ಬಿಡುವುದು ಒಳ್ಳೆಯದೇ, ಆದರೆ ವೈದ್ಯರಿಗೆ ಮೊದಲೇ ತಿಳಿಸಿ.

ಆಮೇಲೆ ಒಂದು ಹೊತ್ತು ಗೊತ್ತು ಮಾಡಿಕೊಳ್ಳಿ. ನಿದ್ದೆ ಬರಿಸುವ ಮಾತ್ರೆಯನ್ನು ಸಾಮಾನ್ಯವಾಗಿ ರಾತ್ರಿಗೆ ಬರೆದಿರುತ್ತಾರೆ. ಇದೇ ಗುಂಪಿನ ಲುರಾಸಿಡೋನ್ ಆದರೆ ಹೊಟ್ಟೆ ತುಂಬ ಊಟದ ಜೊತೆಗೇ ತಗೊಳ್ಳಬೇಕು, ಇಲ್ಲದಿದ್ದರೆ ಮೈಗೆ ಸರಿಯಾಗಿ ಹತ್ತುವುದಿಲ್ಲ. ನಾಲಿಗೆ ಮೇಲೆ ಕರಗುವ ಮಾತ್ರೆಯಾದರೆ ಕೈ ಒದ್ದೆ ಇರಬಾರದು. ಸ್ಟ್ರಿಪ್‌ನ ಹಾಳೆಯನ್ನು ಮೆಲ್ಲಗೆ ಸುಲಿದು ತೆಗೆಯಿರಿ. ಒತ್ತಿದರೆ ಪುಡಿಯಾಗುತ್ತದೆ. ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆಯನ್ನು ಮುರಿಯಬೇಡಿ, ಅಗಿಯಬೇಡಿ.

ಒಂದು ಹೊತ್ತು ಮರೆತುಹೋಯಿತೇ? ಬೇಗ ನೆನಪಾದರೆ ತಗೊಳ್ಳಿ. ಮುಂದಿನ ಹೊತ್ತು ಹತ್ತಿರ ಬಂದಿದ್ದರೆ ಸುಮ್ನೆ ಬಿಟ್ಟುಬಿಡಿ. ಎರಡನ್ನು ಒಟ್ಟಿಗೆ ನುಂಗುವುದು ಬೇಡ. ಕ್ಲೋಜಪೈನ್ ಮಾತ್ರ ಬೇರೆ ಲೆಕ್ಕ: ಕೊನೆಯ ಡೋಸ್ ತಗೊಂಡು 48 ಗಂಟೆ ದಾಟಿದ್ದರೆ ಹಳೆಯ ಡೋಸನ್ನು ನೀವೇ ಶುರು ಮಾಡುವಂತಿಲ್ಲ. ಬಿಪಿ ಕುಸಿಯಬಹುದು, ಫಿಟ್ಸ್ ಬರಬಹುದು. ವೈದ್ಯರು ಮತ್ತೆ ಸಣ್ಣ ಡೋಸಿನಿಂದ ಏರಿಸುತ್ತಾರೆ.

ಮೊದಮೊದಲು ಎದ್ದರೆ ತಲೆ ಸುತ್ತಬಹುದು. ಹಾಸಿಗೆಯಲ್ಲೇ ಸ್ವಲ್ಪ ಹೊತ್ತು ಕೂತು ಏಳಿ. ಮಂಪರು ಇದ್ದಾಗ ಗಾಡಿ ಓಡಿಸಬೇಡಿ, ಮದ್ಯ ಮುಟ್ಟಬೇಡಿ. ತೂಕ, ಸಕ್ಕರೆ, ಕೊಬ್ಬು ಏರುವುದುಂಟು, ಅದಕ್ಕೇ ಆಗಾಗ ಪರೀಕ್ಷೆ. ಕೂತಲ್ಲಿ ಕೂರಲಾಗದ ಚಡಪಡಿಕೆ, ಕೈ ನಡುಕ ಬಂದರೆ ಸಹಿಸಿಕೊಂಡು ಕೂರಬೇಡಿ. ವೈದ್ಯರು ಡೋಸ್ ಬದಲಿಸಿದರೆ ಎಷ್ಟೋ ಸಲ ಸರಿಹೋಗುತ್ತದೆ.

ನಿದ್ದೆ, ಗಾಬರಿ ಕೆಲವೇ ದಿನಗಳಲ್ಲಿ ಸುಧಾರಿಸಬಹುದು. ದನಿ, ಅನುಮಾನ ತಗ್ಗಲು ವಾರಗಳೇ ಬೇಕು. ತಾಳ್ಮೆ ಕೆಡುವುದು ಸಹಜ ಅಲ್ವಾ? ಆದರೆ ಅದಕ್ಕಿಂತ ಕಷ್ಟದ ಘಟ್ಟ ಆಮೇಲೆ ಬರುತ್ತದೆ. ಎಲ್ಲ ಸರಿಹೋಯಿತು, ಇನ್ನೇಕೆ ಮಾತ್ರೆ ಅನ್ನಿಸುವ ಹೊತ್ತು ಅದು. ಆರಾಮಾಗಿರುವುದೇ ಆ ಮಾತ್ರೆಯಿಂದ ಇರಬಹುದು. ತಟ್ಟನೆ ಬಿಟ್ಟರೆ ಕಾಯಿಲೆ ಮರುಕಳಿಸುವ ಸಾಧ್ಯತೆ ಜಾಸ್ತಿ. ಬಿಡಬೇಕೆನ್ನಿಸಿದರೆ ವೈದ್ಯರಿಗೆ ನೇರವಾಗಿ ಹೇಳಿ. ಕೇಳುವ ಹಕ್ಕು ನಿಮಗಿದೆ. ಇಳಿಸುವುದಾದರೆ ಅವರು ಹಂತಹಂತವಾಗಿ ಇಳಿಸುತ್ತಾರೆ.

ಮನೆಯವರು ಒಂದನ್ನು ನೆನಪಿಡಬೇಕು. ಜೋರು ಜ್ವರ, ಕೊರಡಿನಂತೆ ಬಿಗಿದ ಮೈ, ತಡವರಿಸುವ ಮಾತು, ಇವು ಒಟ್ಟಿಗೆ ಕಂಡರೆ ಬೆಳಗಾಗಲಿ ಅಂತ ಕಾಯಬೇಡಿ. ಮುಂದಿನ ಡೋಸ್ ಕೊಡದೆ, ಮಾತ್ರೆಯ ಸ್ಟ್ರಿಪ್ ಜೊತೆಗಿಟ್ಟುಕೊಂಡು ನೇರ ತುರ್ತು ಚಿಕಿತ್ಸೆಗೆ ಕರೆದೊಯ್ಯಿರಿ. ಕ್ಲೋಜಪೈನ್ ತಗೊಳ್ಳುವವರಿಗೆ ಬರೀ ಜ್ವರ, ಗಂಟಲು ನೋವು ಬಂದರೂ ಅವತ್ತೇ ರಕ್ತಪರೀಕ್ಷೆ ಆಗಬೇಕು.