ಅಡಗಿದ ಗಡ್ಡೆಗೆ ಬೆಳಕಿನ ಗುರುತು

ಕ್ಯಾನ್ಸರ್ ಗಡ್ಡೆ ತೆಗೆಯುವಾಗ ಶಸ್ತ್ರಚಿಕಿತ್ಸಕರನ್ನು ಹೆಚ್ಚು ಕಾಡುವುದು ಅದರ ಅಂಚು. ರೋಗ ಎಲ್ಲಿ ಮುಗಿಯಿತು, ಆರೋಗ್ಯವಂತ ಅಂಗಾಂಶ ಎಲ್ಲಿ ಆರಂಭವಾಯಿತು ಎಂಬುದನ್ನು ಕಣ್ಣು ಮತ್ತು ಬೆರಳಿನಿಂದಲೇ ಅಳೆಯಬೇಕು. ಸ್ಕ್ಯಾನ್ ಚಿತ್ರ ನೆರವಾಗುತ್ತದೆ, ನಿಜ. ಆದರೆ ದೇಹ ತೆರೆದ ಮೇಲೆ ಅಂಗಗಳು ಚಿತ್ರದಲ್ಲಿದ್ದ ಜಾಗದಿಂದ ಸರಿಯುತ್ತವೆ. ಆದ್ದರಿಂದಲೇ ಕ್ಯಾನ್ಸರ್ ಕೋಶಗಳನ್ನು ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆಯೇ ಹೊಳೆಯಿಸಿ ತೋರಿಸುವ ಆಣ್ವಿಕ ಚಿತ್ರಣಕ್ಕೆ ಇಷ್ಟು ಬೆಲೆ.

1. ಗಡ್ಡೆಗೆ ತಕ್ಕ ಔಷಧ

ಕೋಶಗಳನ್ನು ಹೊಳೆಯಿಸಲು ಕೊಡುವ ಔಷಧ ಎಲ್ಲ ಕ್ಯಾನ್ಸರ್‌ಗೂ ಒಂದೇ ಅಲ್ಲ. ಪಾಫೋಲಾಸಯನೀನ್ ಎಂಬುದು ಕ್ಯಾನ್ಸರ್ ಕೋಶದ ಮೇಲೆ ಫೋಲೇಟ್ ಎಂಬ ವಿಟಮಿನ್ ಹಿಡಿದುಕೊಳ್ಳುವ ಗ್ರಾಹಕಗಳಿಗೆ ಅಂಟಿಕೊಳ್ಳುತ್ತದೆ. ಅಮೆರಿಕದಲ್ಲಿ ಇದಕ್ಕೆ 2021ರಲ್ಲಿ ಅಂಡಾಶಯದ ಕ್ಯಾನ್ಸರ್‌ಗೆ, 2022ರಲ್ಲಿ ಶ್ವಾಸಕೋಶದ ಗಡ್ಡೆಗಳಿಗೆ ಅನುಮತಿ ದೊರೆಯಿತು. ಮಿದುಳಿನ ಗ್ಲಿಯೋಮಾ ಎಂಬ ಗಡ್ಡೆಗೆ ಬಳಸುವ 5-ಎಎಲ್ಎ ಎಂಬ ಔಷಧ ತಾನಾಗಿ ಹೊಳೆಯುವುದಿಲ್ಲ. ಗಡ್ಡೆಯ ಕೋಶಗಳೇ ಅದನ್ನು ಪೋರ್ಫಿರಿನ್ ಎಂಬ ಹೊಳೆಯುವ ವಸ್ತುವಾಗಿ ಮಾರ್ಪಡಿಸುತ್ತವೆ.

2. ಹೊತ್ತು ಮತ್ತು ಪಥ್ಯ

ಇಲ್ಲಿ ಎಡವಿದರೆ ಎಂಥ ಕ್ಯಾಮೆರಾ ಇದ್ದರೂ ಪ್ರಯೋಜನವಿಲ್ಲ. ಪಾಫೋಲಾಸಯನೀನ್ ಅನ್ನು ಸುಮಾರು ಒಂದು ಗಂಟೆ ಡ್ರಿಪ್ ಮೂಲಕ ಕೊಡುತ್ತಾರೆ. ಅಂಡಾಶಯದ ಶಸ್ತ್ರಚಿಕಿತ್ಸೆಗಾದರೆ 1ರಿಂದ 9 ಗಂಟೆ ಮೊದಲು. ಡ್ರಿಪ್‌ಗೂ 48 ಗಂಟೆ ಮುಂಚೆಯೇ ಫೋಲಿಕ್ ಆಮ್ಲದ ಮಾತ್ರೆ ನಿಲ್ಲಿಸಬೇಕು, ಏಕೆಂದರೆ ಅದೇ ಗ್ರಾಹಕಗಳನ್ನು ಅದು ಮೊದಲೇ ಆಕ್ರಮಿಸಿಬಿಡುತ್ತದೆ. ತೆಗೆದುಕೊಳ್ಳುತ್ತಿರುವ ವಿಟಮಿನ್ ಮಾತ್ರೆಗಳ ಹೆಸರನ್ನೂ ರೋಗಿ ವೈದ್ಯರಿಗೆ ತಪ್ಪದೆ ಹೇಳಬೇಕು. 5-ಎಎಲ್ಎ ಕುಡಿಯುವ ಔಷಧ. ಅರಿವಳಿಕೆಗೆ ಸುಮಾರು 3 ಗಂಟೆ ಮೊದಲು. ಬಳಿಕ 48 ಗಂಟೆ ಬಿಸಿಲು ಮತ್ತು ಪ್ರಖರ ದೀಪಗಳಿಂದ ಚರ್ಮವನ್ನು ಕಾಪಾಡಿಕೊಳ್ಳಬೇಕು.

3. ದೀಪ ತಗ್ಗಿಸಿ ನೋಡುವುದು

ಮೊದಲು ಬಿಳಿ ಬೆಳಕಿನಲ್ಲಿ ಎಂದಿನಂತೆ ಪರಿಶೀಲನೆ. ನಂತರ ದೀಪ ತಗ್ಗಿಸಿ, ಪಾಫೋಲಾಸಯನೀನ್ ಆದರೆ, ಅವಕೆಂಪು ಕ್ಯಾಮೆರಾ ಹಿಡಿದಾಗ ಬರಿಗಣ್ಣಿಗೆ ಕಾಣದ ಹೊಳಪು ಪರದೆಯಲ್ಲಿ ಮೂಡುತ್ತದೆ. 5-ಎಎಲ್ಎ ಆದರೆ ಸೂಕ್ಷ್ಮದರ್ಶಕದ ನೀಲಿ ಬೆಳಕಿನಲ್ಲಿ ಗಡ್ಡೆ ಕೆಂಪಾಗಿ ಕಾಣುತ್ತದೆ. 2006ರಲ್ಲಿ ಪ್ರಕಟವಾದ ಜರ್ಮನಿಯ ಪರೀಕ್ಷೆಯೊಂದರಲ್ಲಿ, ಸ್ಕ್ಯಾನಿನಲ್ಲಿ ಕಂಡ ಗಡ್ಡೆ ಪೂರ್ತಿ ಹೊರಬಂದದ್ದು ಈ ವಿಧಾನದಲ್ಲಿ ಶೇ 65 ರೋಗಿಗಳಲ್ಲಿ, ಬಿಳಿ ಬೆಳಕಿನಲ್ಲಿ ಮಾತ್ರ ಆಪರೇಷನ್ ಆದವರಲ್ಲಿ ಶೇ 36. ಮಿದುಳಿನಂಥ ಜಾಗದಲ್ಲಿ ಇದು ಸಣ್ಣ ಅಂತರವಲ್ಲ.

4. ಹೊಳೆದದ್ದನ್ನೆಲ್ಲ ಕತ್ತರಿಸಬೇಡಿ

ಉರಿಯೂತವಿರುವ ದುಗ್ಧರಸ ಗ್ರಂಥಿಯೂ (ಲಿಂಫ್ ನೋಡ್) ಹೊಳೆಯಬಹುದು. ಆಳದಲ್ಲಿರುವ ಕ್ಯಾನ್ಸರ್ ಹೊಳೆಯದೆಯೂ ಇರಬಹುದು. ಅವಕೆಂಪು ಬೆಳಕು ಅಂಗಾಂಶವನ್ನು ದಾಟಿ ಬರುವುದು ಹೆಚ್ಚೆಂದರೆ ಒಂದು ಸೆಂಟಿಮೀಟರಿನಷ್ಟು. ಮಾತು, ಚಲನೆ ನಿಯಂತ್ರಿಸುವ ಭಾಗದಲ್ಲಿ ಹೊಳಪು ಕಂಡರೂ ಕೈ ತಡೆಯಬೇಕಾಗುತ್ತದೆ. ಆದ್ದರಿಂದ ಅನುಮಾನವಿದ್ದ ಕಡೆಯಿಂದ ಚೂರು ತೆಗೆದು ರೋಗಶಾಸ್ತ್ರ ಪ್ರಯೋಗಾಲಯಕ್ಕೆ ಕಳುಹಿಸುತ್ತಾರೆ. ಅದು ಕ್ಯಾನ್ಸರ್ ಹೌದೋ ಅಲ್ಲವೋ ಎಂದು ಖಚಿತವಾಗಿ ಹೇಳುವುದು ಆ ವರದಿಯೇ.