ಬಾರ್ಬರಾ ಸ್ಟ್ಯಾನ್‌ವಿಕ್ ಸಿನಿಮಾಗಳನ್ನ ಎಲ್ಲಿಂದ ಶುರು ಮಾಡ್ಬೇಕು, ಹೇಗೆ ನೋಡ್ಬೇಕು

ಹಳೇ ಹಾಲಿವುಡ್ ಅಂದ್ರೆ ನಮ್ ಕಡೆ ಜನಕ್ಕೆ ತಟ್ಟನೆ ನೆನಪಾಗೋದು ಮರ್ಲಿನ್ ಮನ್ರೋ, ಆಡ್ರೆ ಹೆಪ್‌ಬರ್ನ್, ಜಾಸ್ತಿ ಅಂದ್ರೆ ಇಂಗ್ರಿಡ್ ಬರ್ಗ್‌ಮನ್. ಬಾರ್ಬರಾ ಸ್ಟ್ಯಾನ್‌ವಿಕ್ ಅಂದ್ರೆ ಯಾರವ್ರು ಅಂತ ಕೇಳ್ತಾರೆ. ಎಂಬತ್ತಕ್ಕೂ ಜಾಸ್ತಿ ಸಿನಿಮಾ ಮಾಡಿ, ಬೆಸ್ಟ್ ಆಕ್ಟ್ರೆಸ್ ಆಸ್ಕರ್‌ಗೆ 4 ಸಲ ನಾಮಿನೇಟ್ ಆಗಿ ಒಂದ್ಸಲಾನೂ ಗೆಲ್ಲದೆ, ಕೊನೆಗೆ 1982ರಲ್ಲಿ ಗೌರವ ಆಸ್ಕರ್ ತಗೊಂಡ ನಟಿ ಈಕೆ. ನನ್ನ ಲೆಕ್ಕದಲ್ಲಿ ಆ ಕಾಲದ ಎಲ್ಲಾ ನಟಿಯರಿಗಿಂತ ಒಂದು ಕೈ ಮೇಲೆ, ಅದಕ್ಕೇ ಹೊಸದಾಗಿ ನೋಡೋರಿಗೆ ದಾರಿ ತಪ್ಪದೆ ಇರ್ಲಿ ಅಂತ ಇದನ್ನ ಬರೀತಾ ಇದೀನಿ.

ಮೊದಲು ಟಿವಿ ಸರಿ ಮಾಡ್ಕೊಳ್ಳಿ. ಈ ಸಿನಿಮಾಗಳಲ್ಲಿ ಬಹುಪಾಲು ಹೆಚ್ಚೂಕಮ್ಮಿ ಚೌಕ ಫ್ರೇಮಲ್ಲಿ ತೆಗ್ದಿರೋವು, ಎರಡೂ ಪಕ್ಕ ಕಪ್ಪು ಪಟ್ಟಿ ಬಂದ್ರೆ ಬರ್ಲಿ, ಪರದೆ ತುಂಬ್ಲಿ ಅಂತ ಎಳೆದ್ರೆ ಮುಖ ಅಗಲ ಆಗಿ ಎಲ್ಲಾ ಹಾಳು. ಚಲನೆನ ಅಸಹಜವಾಗಿ ನುಣುಪು ಮಾಡೋ ಮೋಷನ್ ಸ್ಮೂದಿಂಗ್ ಅಂತ ಒಂದು ಸೆಟ್ಟಿಂಗ್ ಇರುತ್ತೆ, ಅದನ್ನ ಆಫ್ ಮಾಡಿ. ರೂಮಿನ ಲೈಟೂ ಆರಿಸಿ, ಕಪ್ಪು ಬಿಳುಪು ಚಿತ್ರದಲ್ಲಿ ನೆರಳೇ ಅರ್ಧ ಕಥೆ ಹೇಳೋದು. ಡೈಲಾಗ್ ಬಹಳ ಸ್ಪೀಡು, ಅದಕ್ಕೆ ಮೊದಲನೇ ಸಲ ಸಬ್‌ಟೈಟಲ್ ಹಾಕ್ಕೊಂಡೇ ನೋಡಿ, ಇಷ್ಟ ಆದ ಸೀನನ್ನ ಆಮೇಲೆ ಸಬ್‌ಟೈಟಲ್ ತೆಗೆದು ಇನ್ನೊಂದ್ಸಲ ನೋಡಿ. ಸಬ್‌ಟೈಟಲ್ ಓದ್ತಾ ಇದ್ರೆ ಕಣ್ಣು ಕೆಳಗೇ ಇರುತ್ತೆ, ಈಯಮ್ಮನ ಆಟ ಎಲ್ಲಾ ಮೇಲೆ ನಡೀತಿರುತ್ತೆ.

ಇನ್ನೊಂದು ಮುಖ್ಯ ವಿಷಯ, ಇದೊಂದು ನೆನಪಿಟ್ಕೊಂಡ್ರೆ ಸಾಕು: ಅವಳು ಮಾತಾಡುವಾಗ ಅಲ್ಲ, ಎದುರಿಗಿರೋರು ಮಾತಾಡುವಾಗ ಅವಳ ಮುಖ ನೋಡಿ. ಬೇರೆ ನಟರು ತಮ್ಮ ಸಾಲು ಬರೋವರೆಗೂ ಕಾಯ್ತಾ ಇರ್ತಾರೆ, ಇವಳು ನಿಜವಾಗ್ಲೂ ಕೇಳಿಸ್ಕೊಳ್ತಾ ಇರ್ತಾಳೆ. 1930ರಲ್ಲಿ 'ಲೇಡೀಸ್ ಆಫ್ ಲೀಷರ್' ತೆಗೆಯುವಾಗ ನಿರ್ದೇಶಕ ಫ್ರ್ಯಾಂಕ್ ಕ್ಯಾಪ್ರಾಗೆ ಒಂದು ವಿಷಯ ಗೊತ್ತಾಯ್ತು, ಈ ಹುಡುಗಿ ಮೊದಲನೇ ಟೇಕಲ್ಲೇ ಎಲ್ಲಾ ಸುರಿದುಬಿಡ್ತಾಳೆ, ಎರಡನೇದು ಮೂರನೇದು ಆಗ್ತಾ ಆಗ್ತಾ ಸಪ್ಪೆ ಆಗುತ್ತೆ ಅಂತ. ಅದಕ್ಕೆ ಉಳಿದವರಿಗೆಲ್ಲ ಮೊದಲೇ ರಿಹರ್ಸಲ್ ಮಾಡಿಸಿ, ಇವಳಿಗೆ ಬೇರೆ ಬೇರೆ ಆ್ಯಂಗಲಲ್ಲಿ ಒಂದಕ್ಕಿಂತ ಜಾಸ್ತಿ ಕ್ಯಾಮೆರಾ ಇಟ್ಟು ಒಂದೇ ಸಲಕ್ಕೆ ಹಿಡೀತಿದ್ರು. ಇದು ತಲೇಲಿದ್ರೆ ಅವಳ ಸಿನಿಮಾ ನೋಡೋ ರೀತೀನೇ ಬದಲಾಗುತ್ತೆ.

ಶುರು ಮಾಡ್ಬೇಕಾದ್ದು 'ದಿ ಲೇಡಿ ಈವ್' ಇಂದ. 1941, ಪ್ರೆಸ್ಟನ್ ಸ್ಟರ್ಜಸ್ ನಿರ್ದೇಶನ, ಜೊತೆಗೆ ಹೆನ್ರಿ ಫೊಂಡಾ. ಹಡಗಲ್ಲಿ ಇಸ್ಪೀಟಾಡಿ ಶ್ರೀಮಂತರಿಗೆ ಟೋಪಿ ಹಾಕೋ ಅಪ್ಪ ಮಗಳು, ಅವರ ಕಣ್ಣಿಗೆ ಬೀಳೋನು ಹಾವಿನ ಬಗ್ಗೆ ಬಿಟ್ರೆ ಬೇರೇನೂ ಗೊತ್ತಿಲ್ಲದ ಕೋಟ್ಯಧಿಪತಿ ಹುಡುಗ. ಊಟದ ಹಾಲಲ್ಲಿ ಪೌಡರ್ ಡಬ್ಬಿಯ ಕನ್ನಡಿ ತೆಗೆದು ಹಿಂದೆ ಕೂತಿರೋ ಅವನನ್ನ ನೋಡ್ತಾ, ಅವನ ಗಮನ ಸೆಳೆಯೋಕೆ ಒದ್ದಾಡ್ತಿರೋ ಹೆಂಗಸರ ಮನಸ್ಸಲ್ಲಿ ಏನಿದೆ ಅಂತ ಒಬ್ಬೊಬ್ಬರದೇ ಕಾಮೆಂಟರಿ ಕೊಡ್ತಾಳಲ್ಲ, ಅದನ್ನ ಎರಡು ಸಲ ನೋಡಿ. ಕ್ಯಾಮೆರಾ ಇರೋದು ಕನ್ನಡಿ ಮೇಲೆ, ನಮಗೆ ಕೇಳ್ಸೋದು ಬರೀ ದನಿ, ಆದ್ರೂ ಆ ದನೀಲೇ ಅವಳ ಹುಬ್ಬು ಎಲ್ಲಿಗೆ ಏರಿರುತ್ತೆ ಅಂತ ನಮಗೆ ಗೊತ್ತಾಗುತ್ತೆ! ಆಮೇಲೆ ಅವನು ಎದ್ದು ಹೋಗುವಾಗ ಕಾಲು ಅಡ್ಡ ಕೊಟ್ಟು ಬೀಳಿಸಿ, ನನ್ನ ಚಪ್ಪಲಿ ಹಿಮ್ಮಡಿ ಮುರೀತು ಅಂತ ಅವನ ಮೇಲೇ ರೇಗ್ತಾಳೆ. ಸ್ವಲ್ಪ ಹೊತ್ತಾದ್ಮೇಲೆ ಕ್ಯಾಬಿನ್ನಲ್ಲಿ ಅವನ ಕೂದಲಲ್ಲಿ ಬೆರಳಾಡಿಸ್ತಾ ಮಾತಾಡೋ ಸೀನು ಒಂದೂ ಕಟ್ ಇಲ್ಲದೆ ನಿಮಿಷಗಟ್ಲೆ ಓಡುತ್ತೆ. ಮೋಸ ಮಾಡೋಕೆ ಬಂದವಳು ಅಲ್ಲೇ ಎಲ್ಲೋ ನಿಜವಾಗಿ ಮನಸೋತಿರ್ತಾಳೆ, ಯಾವ ಕ್ಷಣದಲ್ಲಿ ಅಂತ ನೀವೇ ಹುಡುಕಿ.

ಮಾರನೇ ದಿನಾನೇ 'ಡಬಲ್ ಇಂಡೆಮ್ನಿಟಿ' ಹಾಕಿ, ಗ್ಯಾಪ್ ಕೊಡ್ಬೇಡಿ. 1944, ಬಿಲ್ಲಿ ವೈಲ್ಡರ್. ಇನ್ಶೂರೆನ್ಸ್ ದುಡ್ಡಿಗಾಗಿ ಗಂಡನ್ನ ಕೊಲ್ಲಿಸೋ ಹೆಂಗಸು, ಇನ್ಶೂರೆನ್ಸ್ ಏಜೆಂಟಾಗಿ ಫ್ರೆಡ್ ಮ್ಯಾಕ್‌ಮರೆ. ಇಂಥ ಪಾತ್ರ ಮಾಡೋಕೆ ಅವಳಿಗೆ ಹೆದರಿಕೆ ಆಗಿತ್ತಂತೆ, ಆಗ ವೈಲ್ಡರ್ ನೀನು ಇಲೀನಾ ನಟೀನಾ ಅಂತ ಕೇಳಿದ್ರಂತೆ. ನಟಿ ಅಂತ ಅಂದ್ಕೊಂಡಿದೀನಿ ಅಂದ್ಲು, ಹಾಗಾದ್ರೆ ಮಾಡು ಅಂದ್ರು, ಅಷ್ಟೇ. ಹೊಂಬಣ್ಣದ ವಿಗ್ಗು ನೋಡಿ ಮೊದಲು ಕಸಿವಿಸಿ ಆಗ್ಬಹುದು, ಅಷ್ಟು ನಕಲಿ ಅನ್ಸುತ್ತೆ, ಆದ್ರೆ ಆ ಹೆಂಗಸೇ ಮೇಲಿಂದ ಕೆಳಗೆ ನಕಲಿ ಅಲ್ವಾ, ನನಗಂತೂ ಸರಿಯಾಗೇ ಇದೆ ಅನ್ಸುತ್ತೆ. ಇಲ್ಲಿ ಕಾಯ್ಬೇಕಾದ್ದು ಕಾರಿನ ಸೀನಿಗೆ. ಅವಳು ಡ್ರೈವ್ ಮಾಡ್ತಾ ಇರ್ತಾಳೆ, ಪಕ್ಕದಲ್ಲಿ ಗಂಡ, ಹಿಂದೆ ಸೀಟಿನ ಕೆಳಗೆ ಏಜೆಂಟ್ ಅಡಗಿರ್ತಾನೆ. ಸಿಗ್ನಲ್ ಅಂತ ಮೂರು ಸಲ ಹಾರ್ನ್ ಹೊಡೀತಾಳೆ. ಕೊಲೆ ನಮಗೆ ಕಾಣೋದೇ ಇಲ್ಲ, ಕ್ಯಾಮೆರಾ ಅವಳ ಮುಖ ಬಿಟ್ಟು ಅಲುಗಲ್ಲ, ಅವಳು ರಸ್ತೆ ಬಿಟ್ಟು ಕಣ್ಣು ತೆಗೆಯಲ್ಲ. ಪಕ್ಕದಲ್ಲಿ ಸದ್ದು. ಮುಖದಲ್ಲಿ ಏನೂ ಇಲ್ಲ ಅನ್ಸುತ್ತೆ, ಆದ್ರೆ ಸರಿಯಾಗಿ ನೋಡಿದ್ರೆ ತುಂಬಾ ಸಣ್ಣಗೆ ಒಂದು ತೃಪ್ತಿ ಹಾದು ಹೋಗುತ್ತೆ. ಹಿಂದಿನ ರಾತ್ರಿ ಕಿಲಕಿಲ ಅಂತಿದ್ದ ಅದೇ ಮುಖ ಇದು, ಅದಕ್ಕೇ ಗ್ಯಾಪ್ ಬೇಡ ಅಂದಿದ್ದು.

ಆಮೇಲೆ ಹಿಂದಕ್ಕೆ ಹೋಗಿ 'ಬೇಬಿ ಫೇಸ್' ನೋಡಿ, 1933ರದು. ಅಪ್ಪನ ಹೆಂಡದಂಗಡಿಯಿಂದ ತಪ್ಪಿಸ್ಕೊಂಡು ನ್ಯೂಯಾರ್ಕ್ ಸೇರಿ, ಬ್ಯಾಂಕಿನ ಒಂದೊಂದೇ ಮಹಡಿ ಒಬ್ಬೊಬ್ಬ ಗಂಡಸನ್ನ ಹಿಡಿದು ಹತ್ತೋ ಹುಡುಗಿ ಕಥೆ. ಆಗಿನ ಸೆನ್ಸಾರ್‌ಗೆ ಇದು ತಡ್ಕೊಳ್ಳೋಕಾಗ್ದೆ ಕತ್ತರಿ ಹಾಕಿದ್ರು, ಕತ್ತರಿ ಬೀಳದ ಪ್ರಿಂಟು ಸಿಕ್ಕಿದ್ದು 2004ರಲ್ಲಿ, ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ. ಹುಡುಕಿ ಆ ಪೂರ್ತಿ ವರ್ಷನ್ನೇ ನೋಡಿ. ಸ್ಟ್ಯಾನ್‌ವಿಕ್ ಕಣ್ಣಲ್ಲಿರೋ ಆ ಗಡಸುತನ ಎಲ್ಲಿಂದ ಬಂತು ಅನ್ನೋರಿಗೆ ಹೇಳ್ತೀನಿ: ನಿಜವಾದ ಹೆಸರು ರೂಬಿ ಸ್ಟೀವನ್ಸ್, ಬ್ರೂಕ್ಲಿನ್‌ನಲ್ಲಿ 1907ರಲ್ಲಿ ಹುಟ್ಟಿದ್ದು, ನಾಲ್ಕು ವರ್ಷಕ್ಕೆ ತಾಯಿ ತೀರ್ಕೊಂಡ್ರು, ಅಪ್ಪ ಪನಾಮಾ ಕಾಲುವೆ ಕೆಲಸಕ್ಕೆ ಅಂತ ಹೋದೋರು ವಾಪಸ್ ಬರ್ಲೇ ಇಲ್ಲ, ಹದಿಹರೆಯದಲ್ಲೇ ನೈಟ್‌ಕ್ಲಬ್ಬಲ್ಲಿ ಡ್ಯಾನ್ಸ್ ಮಾಡಿ ಬದುಕಿದ ಹುಡುಗಿ.

ಟೈಮಿದ್ರೆ 'ಬಾಲ್ ಆಫ್ ಫೈರ್', 'ಸಾರಿ, ರಾಂಗ್ ನಂಬರ್' ಎರಡೂ ನೋಡಿ, ಎರಡಕ್ಕೂ ನಾಮಿನೇಷನ್ ಇತ್ತು. ಎರಡನೇದ್ರಲ್ಲಿ ಹಾಸಿಗೆ ಬಿಟ್ಟೇಳದೆ, ಬರೀ ಫೋನ್ ಹಿಡ್ಕೊಂಡೇ ನಮ್ಮನ್ನ ಹೆದರಿಸ್ತಾಳೆ. ವೆಸ್ಟರ್ನ್, ಅಂದ್ರೆ ಕೌಬಾಯ್ ಸಿನಿಮಾ ಇಷ್ಟ ಪಡೋರು 1957ರ 'ಫಾರ್ಟಿ ಗನ್ಸ್' ನೋಡಿ, ಕುದುರೆ ಅವಳನ್ನ ಎಳ್ಕೊಂಡು ಹೋಗೋ ಸೀನು ಡೂಪ್ ಇಲ್ಲದೆ ಮಾಡಿದ್ದು, ವಯಸ್ಸು ಐವತ್ತರ ಹತ್ತಿರ.

'ಸ್ಟೆಲ್ಲಾ ಡಲ್ಲಾಸ್' ಮಾತ್ರ ಕೊನೆಗಿಟ್ಕೊಳ್ಳಿ. 1937, ಕಿಂಗ್ ವಿಡಾರ್. ಮಿಲ್ ಕೆಲಸಗಾರರ ಮನೆ ಹುಡುಗಿ ದೊಡ್ಡ ಮನೆತನದವನನ್ನ ಮದುವೆ ಆಗಿ, ಅದು ಹೊಂದದೆ, ಮಗಳೊಬ್ಬಳನ್ನೇ ಉಸಿರು ಅಂತ ಬದುಕೋ ತಾಯಿ. ಬಟ್ಟೆ, ಮಾತು, ನಗು ಎಲ್ಲಾ ಒಂದು ಕೈ ಜಾಸ್ತಿ. ರೈಲಲ್ಲಿ ಮಗಳ ಗೆಳತಿಯರು ಆಕೆ ಬಗ್ಗೆ ನಗಾಡೋದನ್ನ ತಾಯಿ ಮಗಳು ಇಬ್ರೂ ಮಲಗಿದ್ದಲ್ಲೇ ಕೇಳಿಸ್ಕೊಳ್ತಾರೆ. ಮಗಳು ಬಂದು ಪಕ್ಕದಲ್ಲಿ ಮಲಗ್ತಾಳೆ, ತಾಯಿ ನಿದ್ದೆ ಬಂದೋರ ಹಾಗೆ ಕಣ್ಣು ಮುಚ್ಕೊಂಡಿರ್ತಾಳೆ. ಇದನ್ನ ಅಮ್ಮನ ಜೊತೆ ನೋಡಿದ್ದೆ ನಾನು, ಅಮ್ಮಂಗೆ ಇಂಗ್ಲಿಷ್ ಬರಲ್ಲ, ನಾನು ಏನೂ ಹೇಳೋಕೆ ಮುಂಚೆನೇ "ಪಾಪ, ಎಚ್ಚರವಾಗೇ ಇದಾಳೆ ಕಣೋ" ಅಂದ್ಬಿಟ್ರು.

ಕೊನೇ ಸೀನಲ್ಲಿ ಮಗಳ ಮದುವೆ, ಒಳಗಡೆ. ತಾಯಿ ಹೊರಗೆ ಮಳೇಲಿ, ಬೇಲಿ ಆಚೆ, ಕಿಟಕಿಯಿಂದ ನೋಡ್ತಾ ಇರ್ತಾಳೆ, ಪೊಲೀಸ್ ಹೋಗಮ್ಮ ಅಂದ್ರೂ ಇನ್ನೊಂದು ಕ್ಷಣ ಅಂತ ಬೇಡ್ಕೊಳ್ತಾಳೆ. ಕರ್ಚೀಫು ಹಲ್ಲಲ್ಲಿ ಕಚ್ಕೊಂಡಿರೋದನ್ನ ನೋಡಿ, ಕಣ್ಣಲ್ಲಿ ನೀರಿರುತ್ತೆ, ಮುಖದಲ್ಲಿ ನಗು ಮೂಡ್ತಾ ಇರುತ್ತೆ. ಆಮೇಲೆ ತಿರುಗಿ ನಮ್ಮ ಕಡೆಗೇ ನಡ್ಕೊಂಡು ಬರ್ತಾಳೆ, ಹೆಜ್ಜೆ ಹೆಜ್ಜೆಗೂ ಬೀಸು ಜಾಸ್ತಿ ಆಗುತ್ತೆ. ಆ ನಡಿಗೆ ಮುಗಿಯೋವರೆಗೂ ರಿಮೋಟ್ ಮುಟ್ಬೇಡಿ.