ಆರೈಕೆ ಕೇಂದ್ರದ ವಾರದ ಹಾಳೆ: ಸಿಬ್ಬಂದಿ ಸುದ್ದಿ ಮತ್ತು ಕುರ್ಚಿ ವ್ಯಾಯಾಮವನ್ನು ಒಟ್ಟಿಗೆ ನಡೆಸುವ ಬಗೆ

ಹಿರಿಯರ ಆರೈಕೆ ಕೇಂದ್ರದಲ್ಲಿ ಬೆಳಗಿನ ವ್ಯಾಯಾಮಕ್ಕೆ ದಿನವೂ ಬರುತ್ತಿದ್ದ ಹದಿನೈದು ಜನ ಒಂದೇ ವಾರದಲ್ಲಿ ಆರಕ್ಕೆ ಇಳಿದರೆ, ವ್ಯಾಯಾಮ ಬೇಸರವಾಯಿತು ಎಂದುಕೊಳ್ಳುವ ಮೊದಲು ಪಾಳಿ ಪಟ್ಟಿ ನೋಡಿ. ಅವರನ್ನು ಕೋಣೆಯಿಂದ ಕರೆತರುತ್ತಿದ್ದವರು ರಜೆ ಹಾಕಿರಬಹುದು, ಬೇರೆ ಪಾಳಿಗೆ ಹೋಗಿರಬಹುದು. ಆ ಸುದ್ದಿಯನ್ನು ಹಿರಿಯರಿಗೆ ಯಾರೂ ಹೇಳಿರುವುದಿಲ್ಲ. ಎಂಬತ್ತು ದಾಟಿದವರಿಗೆ ಕುರ್ಚಿಯಿಂದ ಏಳುವುದು ಸಣ್ಣ ಕೆಲಸವಲ್ಲ. ಆಗ ಪಕ್ಕದಲ್ಲಿ ನಿಲ್ಲುವವರು ಯಾರು, ಅವರ ಹಿಡಿತ ಹೇಗೆ ಎಂದು ಗೊತ್ತಿರಬೇಕು. ಗೊತ್ತಿಲ್ಲದಿದ್ದರೆ "ಇವತ್ತು ಬೇಡಮ್ಮ" ಎಂದು ಮಲಗೇ ಇರುತ್ತಾರೆ. ಹಾಗಾಗಿ ಸಿಬ್ಬಂದಿಯ ಸುದ್ದಿ ಒಂದು ಕಡೆ, ಚಟುವಟಿಕೆಯ ಪಟ್ಟಿ ಇನ್ನೊಂದು ಕಡೆ ಅಂಟಿಸಬೇಡಿ. ಎರಡೂ ಒಂದೇ ಹಾಳೆಯಲ್ಲಿರಲಿ. ಯಾರು ಎನ್ನುವುದು ಮೊದಲು, ಏನು ಎನ್ನುವುದು ಆಮೇಲೆ.

ಹಾಳೆ ಹೇಗಿರಬೇಕು

ಗೋಡೆಗೆ ಎ3 ಅಳತೆ, ಹಾಸಿಗೆಯ ಪಕ್ಕಕ್ಕೆ ಎ4. ದೊಡ್ಡಕ್ಷರದ ಮುದ್ರಣಕ್ಕೆ ಸಾಮಾನ್ಯವಾಗಿ 18 ಪಾಯಿಂಟ್ ಎನ್ನುತ್ತಾರೆ, ಆದರೆ ಕನ್ನಡಕ್ಕೆ ಅದು ಸಾಲದು. ಮೇಲಿನ ಅಕ್ಷರ ಕಂಡರೂ ಕೆಳಗಿನ ಒತ್ತಕ್ಷರ ಅದರ ಅರ್ಧದಷ್ಟೇ ಇರುತ್ತದೆ. ಪೊರೆ ಬಂದ ಕಣ್ಣಿಗೆ 'ವಸ್ತ್ರ', 'ಸೂಕ್ಷ್ಮ' ಇವೆಲ್ಲ ಕಲೆಯ ಹಾಗೆ ಕಾಣುತ್ತವೆ. 24 ಪಾಯಿಂಟ್‌ಗಿಂತ ಕಡಿಮೆ ಬೇಡ. ಸಾಲುಗಳ ನಡುವೆ ಒಂದೂವರೆ ಪಟ್ಟು ಜಾಗ ಬಿಡಿ, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ಹೊಳಪಿಲ್ಲದ ಬಿಳಿ ಅಥವಾ ತಿಳಿ ಹಳದಿ ಕಾಗದದ ಮೇಲೆ ಕಪ್ಪು ಅಕ್ಷರ. ಹಾಳೆ ಬಾಳಿಕೆ ಬರಲೆಂದು ಲ್ಯಾಮಿನೇಟ್ ಮಾಡಿಸುವವರಿದ್ದಾರೆ, ದೀಪದ ಬೆಳಕು ಅದರ ಮೇಲೆ ಹೊಳೆದು ಅರ್ಧ ಹಾಳೆ ಕಾಣದೇ ಹೋಗುತ್ತದೆ. ವಾರಕ್ಕೊಮ್ಮೆ ಬದಲಾಗುವ ಹಾಳೆಗೆ ಬಾಳಿಕೆ ಯಾಕೆ ಬೇಕು?

ಹಾಳೆಯ ನಡುಭಾಗ ನೆಲದಿಂದ ಸುಮಾರು 120 ಸೆಂಟಿಮೀಟರ್ ಎತ್ತರದಲ್ಲಿರಲಿ. ವೀಲ್‌ಚೇರ್‌ನಲ್ಲಿ ಕೂತವರ ಕಣ್ಣಿಗೂ, ವಾಕರ್ ಹಿಡಿದು ನಿಂತವರ ಕಣ್ಣಿಗೂ ಅದು ಒಗ್ಗುತ್ತದೆ. ಬರಹ ಹೀಗಿದ್ದರೆ ಸಾಕು:

"ಸೋಮವಾರ, ಬೆಳಿಗ್ಗೆ ಹತ್ತೂವರೆ, ಕೆಳಗಿನ ಹಾಲ್. ನಡೆಸುವವರು: (ಫೋಟೊ, ಹೆಸರು). ಕರೆಯಲು ಬರುವವರು: (ಫೋಟೊ, ಹೆಸರು). ಕುರ್ಚಿ ವ್ಯಾಯಾಮ. ಕನ್ನಡಕ, ಶ್ರವಣಯಂತ್ರ ಹಾಕಿಕೊಂಡು ಬನ್ನಿ."

ಫೋಟೊದಲ್ಲಿ ಸಿಬ್ಬಂದಿ ಕೆಲಸದ ಸಮವಸ್ತ್ರದಲ್ಲಿರಬೇಕು, ಮುಖಗವಸು ಇರಬಾರದು. ಸಮಾರಂಭಕ್ಕೆ ಅಲಂಕರಿಸಿಕೊಂಡ ಚಿತ್ರ ನೋಡಿದವರಿಗೆ ಮರುದಿನ ಸಮವಸ್ತ್ರದಲ್ಲಿ ಬಂದವರ ಗುರುತೇ ಸಿಗುವುದಿಲ್ಲ. ಹಾಳೆ ಅಂಟಿಸಿದ ದಿನ ಎಲ್ಲರೂ ಊಟಕ್ಕೆ ಸೇರಿದಾಗ ಒಮ್ಮೆ ಓದಿ ಹೇಳಿ. ಓದುವಾಗ ಬೆಳಕು ನಿಮ್ಮ ಮುಖದ ಮೇಲೆ ಬೀಳಲಿ, ಕಿಟಕಿಗೆ ಬೆನ್ನು ಹಾಕಬೇಡಿ. ವಯಸ್ಸಾದಂತೆ ಮೊದಲು ಮಂಕಾಗುವುದು ಕೀರಲು, ಅಂದರೆ ಏರು ಶ್ರುತಿಯ ಶಬ್ದಗಳು. ಕಿರುಚಿದರೆ ಶ್ರುತಿ ಇನ್ನೂ ಏರುತ್ತದೆ, ಮಾತು ಇನ್ನೂ ಕಲಸಿಹೋಗುತ್ತದೆ. ತಗ್ಗಿದ ಶ್ರುತಿಯಲ್ಲಿ ನಿಧಾನವಾಗಿ ಹೇಳಿ.

ಬರುವವರು, ಹೋಗುವವರು

ಕೆಲಸ ಬಿಡುವವರ ಸುದ್ದಿಯನ್ನು ಅವರು ಹೋದ ಮೇಲೆ ಹೇಳಬಾರದು. ಒಂದು ವಾರ ಮೊದಲು ಹಾಳೆಯಲ್ಲಿ ಬರಲಿ, ಕೊನೆಯ ದಿನ ಅವರೇ ಕೋಣೆ ಕೋಣೆಗೆ ಹೋಗಿ ಹೇಳಿ ಹೊರಡಲಿ. ಮರೆವಿನ ಕಾಯಿಲೆ ಇರುವವರಿಗೆ ಮಾತ್ರ ವಾರ ಮೊದಲು ಹೇಳಿದರೆ ಕಳವಳವಷ್ಟೇ ಉಳಿಯುತ್ತದೆ: ಯಾರೋ ಹೋಗುತ್ತಾರೆ ಎನ್ನುವುದು ಮನಸ್ಸಿನಲ್ಲಿ ನಿಂತು, ಯಾರು, ಯಾವಾಗ ಎನ್ನುವುದು ಜಾರಿಹೋಗುತ್ತದೆ. ಅವರಿಗೆ ಹಿಂದಿನ ದಿನ ಅಥವಾ ಅದೇ ದಿನ ಹೇಳಿ, ಹೊಸಬರನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡು ಹೇಳಿ.

ಹಳಬರೂ ಹೊಸಬರೂ ಕನಿಷ್ಠ ಮೂರು ಪಾಳಿ ಒಟ್ಟಿಗೆ ಕೆಲಸ ಮಾಡಬೇಕು. ಮೊದಲ ಪಾಳಿಯಲ್ಲಿ ಹೊಸಬರು ನೋಡಲಿ, ಎರಡನೆಯದರಲ್ಲಿ ಕೈ ಜೋಡಿಸಲಿ, ಮೂರನೆಯದರಲ್ಲಿ ತಾವೇ ಮಾಡಲಿ. ಒಬ್ಬೊಬ್ಬ ಹಿರಿಯರ ಬಗ್ಗೆಯೂ ಒಂದು ಚೀಟಿ ಕೈ ಬದಲಾಗಬೇಕು: "ಎಡಗಿವಿ ಕೇಳುವುದಿಲ್ಲ, ಬಲಗಡೆ ಕೂತು ಮಾತಾಡಿ. ಬಲ ಮಂಡಿ ನೋವು. ಒಂದು, ಎರಡು, ಮೂರು ಎಂದು ಎಣಿಸಿದರೆ ಏಳುತ್ತಾರೆ, ಏಳಿ ಏಳಿ ಎಂದು ಅವಸರ ಮಾಡಿದರೆ ಏಳುವುದಿಲ್ಲ." ಇಂಥ ಮೂರು ಸಾಲು ದಪ್ಪನೆಯ ಕಡತಕ್ಕಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ. ಆ ಚೀಟಿ ಕಡತದಲ್ಲೇ ಇರಲಿ, ಗೋಡೆಗೆ ಬರಬಾರದು.

ಹೊಸಬರು ಒಂದು ತಿಂಗಳಾದರೂ ಪ್ರತಿ ಸಲ ಕೋಣೆಗೆ ಹೋದಾಗ ತಮ್ಮ ಹೆಸರು ಹೇಳಿಕೊಂಡೇ ಮಾತು ಶುರು ಮಾಡಲಿ. "ಅಜ್ಜಿ, ನಾನು ಯಾರು ಹೇಳಿ ನೋಡೋಣ" ಎನ್ನುವ ಅಭ್ಯಾಸವನ್ನು ದಯವಿಟ್ಟು ಬಿಡಿಸಿ. ಕೇಳುವವರು ಸಲಿಗೆಯಿಂದ ಕೇಳುತ್ತಾರೆ. ಹೆಸರು ನೆನಪಾಗದವರಿಗೆ ಅದು ನಾಲ್ಕು ಜನರ ಮುಂದೆ ಆಗುವ ಅವಮಾನ.

ಸಿಬ್ಬಂದಿಯ ಕಾಯಿಲೆ, ಬಸಿರು, ಮನೆಯ ತೊಂದರೆ, ಫೋನ್ ನಂಬರ್, ವಿಳಾಸ ಹಾಳೆಗೆ ಬೇಡ. ಫೋಟೊ ಹಾಕಲು ಅವರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ಯಾರನ್ನಾದರೂ ಕೆಲಸದಿಂದ ತೆಗೆದಿದ್ದರೆ "ಇನ್ನು ಮುಂದೆ ಅವರು ಬರುವುದಿಲ್ಲ, ಅವರ ಬದಲು ಇವರು" ಎಂದಷ್ಟೇ ಬರೆಯಿರಿ. ಏನೂ ಹೇಳದೆ ಬಿಟ್ಟರೆ ಆ ಜಾಗವನ್ನು ಗಾಳಿಸುದ್ದಿ ತುಂಬುತ್ತದೆ. ಸಾವಿನ ಸುದ್ದಿಯನ್ನು ಮೊದಲು ಬಾಯಲ್ಲಿ, ಹತ್ತಿರ ಕೂತು ಹೇಳಬೇಕು. ಹಾಳೆ ನೋಡಿ ತಿಳಿಯುವಂತಾಗಬಾರದು.

ಹತ್ತೂವರೆಯೇ ಯಾಕೆ

ತಿಂಡಿ ತಿಂದ ಕೂಡಲೇ ರಕ್ತ ಹೊಟ್ಟೆಯ ಕಡೆ ಹೆಚ್ಚು ಹರಿಯುತ್ತದೆ. ಹಿರಿಯರಲ್ಲಿ ಅನೇಕರಿಗೆ ಆಗ ಬಿಪಿ ಇಳಿದು, ನಿಂತರೆ ತಲೆ ಸುತ್ತುತ್ತದೆ. ತಿಂಡಿಯಾಗಿ ಒಂದೂವರೆ, ಎರಡು ಗಂಟೆ ಬಿಡಿ. ನೀರು ಇಳಿಸುವ ಮಾತ್ರೆ ಬೆಳಿಗ್ಗೆ ತೆಗೆದುಕೊಳ್ಳುವವರು ಮೊದಲ ಎರಡು ಗಂಟೆ ಮೂತ್ರಕ್ಕೆ ಓಡಾಡುತ್ತಲೇ ಇರುತ್ತಾರೆ. ಆ ಹೊತ್ತಿನಲ್ಲಿ ಕರೆದರೆ ಬರಲು ಹಿಂಜರಿಯುತ್ತಾರೆ, ಬಂದರೂ ನಡುವೆ ಅವಸರದಲ್ಲಿ ಎದ್ದು ಹೋಗುವಾಗ ಬೀಳುತ್ತಾರೆ. ಮರೆವಿನ ಕಾಯಿಲೆಯವರಿಗೆ ಸಂಜೆಯಾದಂತೆ ಗಲಿಬಿಲಿ ಹೆಚ್ಚುವುದರಿಂದ ಸಂಜೆ ಬೇಡ. ಪಾರ್ಕಿನ್ಸನ್ (ನಡುಕದ ಕಾಯಿಲೆ) ಇರುವವರನ್ನು ಮಾತ್ರೆ ಕೆಲಸ ಮಾಡುತ್ತಿರುವ ಹೊತ್ತಿಗೆ ಕರೆತನ್ನಿ. ಒಬ್ಬೊಬ್ಬರಿಗೆ ಆ ಹೊತ್ತು ಬೇರೆ, ನರ್ಸ್‌ಗೆ ಗೊತ್ತಿರುತ್ತದೆ.

ಕುರ್ಚಿಗಳನ್ನು ಹಾಕುವ ಮೊದಲು

ಚಕ್ರವಿಲ್ಲದ, ಗಟ್ಟಿ ಆಸನದ, ನೇರ ಬೆನ್ನಿನ ಕುರ್ಚಿ ಬೇಕು. ಆಸನದ ಎತ್ತರ 43ರಿಂದ 45 ಸೆಂಟಿಮೀಟರ್, ಕಾಲಿನ ತುದಿಗೆ ರಬ್ಬರ್ ಬಿರಡೆ, ಹಿಂದೆ ಗೋಡೆ. ಸೋಫಾದಲ್ಲಿ ಸೊಂಟ ಮಂಡಿಗಿಂತ ಕೆಳಗೆ ಇಳಿಯುತ್ತದೆ, ಅಲ್ಲಿಂದ ಏಳಲು ದುಪ್ಪಟ್ಟು ಬಲ ಬೇಕೆನಿಸುತ್ತದೆ. ವೀಲ್‌ಚೇರ್‌ನವರ ಬ್ರೇಕ್ ಎರಡೂ ಹಾಕಿದೆಯೇ ನೋಡಿ, ಪಾದ ನೆಲ ಮುಟ್ಟುವುದಾದರೆ ಕಾಲಿಡುವ ಹಲಗೆ ಮಡಚಿ. ಚಪ್ಪಲಿ, ಬರೀ ಕಾಲುಚೀಲ ಬೇಡ. ಹಿಮ್ಮಡಿ ಮುಚ್ಚುವ ಶೂ ಇರಲಿ. ಹತ್ತು ಜನರಿಗೆ ಇಬ್ಬರು ಸಿಬ್ಬಂದಿ ಬೇಕೇ ಬೇಕು: ಒಬ್ಬರು ಮುಂದೆ ತೋರಿಸಲು, ಇನ್ನೊಬ್ಬರು ಹಿಂದೆ ಓಡಾಡುತ್ತಾ ನೋಡಲು. ಹಿಂದೆ ಇರುವವರು ಫೋನ್ ಮುಟ್ಟಬಾರದು.

ಬಿಪಿ 180/110ಕ್ಕಿಂತ ಮೇಲಿದ್ದರೆ ಆ ದಿನ ವ್ಯಾಯಾಮವಿಲ್ಲ, ನರ್ಸ್‌ಗೆ ತಿಳಿಸಿ. ಹೊಸದಾಗಿ ಸೇರುವವರ ಬಿಪಿಯನ್ನು ಐದು ನಿಮಿಷ ಮಲಗಿಸಿ ಒಮ್ಮೆ, ನಿಂತ ಮೇಲೆ ಒಂದನೆಯ ಮತ್ತು ಮೂರನೆಯ ನಿಮಿಷಕ್ಕೆ ಇನ್ನೆರಡು ಸಲ ನೋಡಿ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ವೈದ್ಯರು ನೋಡುವ ತನಕ ಕೂತು ಮಾಡುವುದಷ್ಟೇ. ಸಕ್ಕರೆ ಕಾಯಿಲೆಯವರಿಗೆ ಬೆವರು, ನಡುಕ, ತೊದಲು ಕಂಡರೆ ಶುಗರ್ ನೋಡಿ. 70ಕ್ಕಿಂತ ಕಡಿಮೆ ಇದ್ದು ನುಂಗಲು ತೊಂದರೆಯಿಲ್ಲದಿದ್ದರೆ ಸುಮಾರು 15 ಗ್ರಾಂ ಸಕ್ಕರೆ ಕದಡಿದ ನೀರು ಕುಡಿಸಿ, 15 ನಿಮಿಷಕ್ಕೆ ಮತ್ತೆ ನೋಡಿ.

ಮೂವತ್ತೈದು ನಿಮಿಷ

65 ದಾಟಿದವರು ವಾರಕ್ಕೆ ಎರಡು ದಿನವಾದರೂ ಸ್ನಾಯು ಬಲಕ್ಕೆ, ಮೂರು ದಿನವಾದರೂ ಸಮತೋಲಕ್ಕೆ ಒತ್ತು ಕೊಡುವ ವ್ಯಾಯಾಮ ಮಾಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಹೇಳುತ್ತದೆ. ಬಹಳ ಕಡೆ ಕೈ ಬೀಸುವುದು, ಚಪ್ಪಾಳೆ ತಟ್ಟುವುದರಲ್ಲೇ ಅರ್ಧ ಗಂಟೆ ಮುಗಿಯುತ್ತದೆ. ಮನಸ್ಸಿಗೆ ಹಿತವೇ, ಆದರೆ ಶೌಚಾಲಯದಿಂದ ತಾನೇ ಎದ್ದು ಬರುವ ಬಲ ಅದರಿಂದ ಬರುವುದಿಲ್ಲ.

ಮೊದಲ ಎಂಟು ನಿಮಿಷ ಕೂತಲ್ಲೇ ಪಾದ ಮೇಲೆ ಕೆಳಗೆ, ಮಂಡಿ ನೀಡುವುದು, ಭುಜ ತಿರುಗಿಸುವುದು, ಕೂತೇ ಹೆಜ್ಜೆ ಹಾಕುವುದು. ಆಮೇಲಿನ ಹದಿನೈದು ನಿಮಿಷ ಬಲಕ್ಕೆ. ತೋಳಿಗೆ ಅರ್ಧ ಲೀಟರ್ ನೀರಿನ ಬಾಟಲಿ ಸಾಕು, ಅದು ಅರ್ಧ ಕಿಲೋ ತೂಗುತ್ತದೆ. ಆದರೆ ಮುಖ್ಯವಾದುದು ಕೂತು ಏಳುವುದು, ಅದನ್ನು ಸರಿಯಾಗಿ ಕಲಿಸಿ:

ಸೊಂಟವನ್ನು ಆಸನದ ಮುಂದಿನ ಅಂಚಿಗೆ ತರಲಿ. ಪಾದಗಳ ನಡುವೆ ಒಂದು ಗೇಣು ಅಂತರ, ಹಿಮ್ಮಡಿ ಮಂಡಿಗಿಂತ ಸ್ವಲ್ಪ ಹಿಂದೆ. ಬೆನ್ನು ನೇರ ಇಟ್ಟು, ಮೂಗು ಕಾಲ್ಬೆರಳ ನೇರಕ್ಕೆ ಬರುವಷ್ಟು ಸೊಂಟದಿಂದ ಮುಂದೆ ಬಾಗಲಿ. ಉಸಿರು ಬಿಡುತ್ತಾ ಏಳಲಿ, ಮೂರು ಎಣಿಸುವಷ್ಟು ನಿಲ್ಲಲಿ. ಕಾಲಿನ ಹಿಂಭಾಗಕ್ಕೆ ಕುರ್ಚಿ ತಾಗಿದ್ದು ಗೊತ್ತಾದ ಮೇಲೆ, ನಾಲ್ಕು ಎಣಿಸುತ್ತಾ ನಿಧಾನವಾಗಿ ಕೂರಲಿ. ಐದು ಸಲ, ವಿರಾಮ, ಮತ್ತೆ ಐದು ಸಲ. ಏಳಲಾಗದವರ ಹಿಂದಿನ ಕಾರಣ ಹೆಚ್ಚಿನ ಸಲ ಪಾದ ಮುಂದೆ ಚಾಚಿರುವುದು, ಇಲ್ಲವೇ ಮುಂದೆ ಬಾಗಲು ಹೆದರುವುದು. ಪಾದ ಹಿಂದೆ ಎಳೆಸಿ ನೋಡಿ, ಆಗದಿದ್ದರೆ ಜಾರದ ಗಟ್ಟಿ ದಿಂಬಿಟ್ಟು ಆಸನ ಎತ್ತರಿಸಿ. ಧೊಪ್ಪನೆ ಕೂರಲು ಬಿಡಬೇಡಿ. ಮೂಳೆ ಸವೆದವರ ಬೆನ್ನುಮೂಳೆಗೆ ಆ ಪೆಟ್ಟು ಕೆಟ್ಟದ್ದು. ಉಸಿರು ಕಟ್ಟಿದರೆ ಬಿಪಿ ಜಿಗಿಯುತ್ತದೆ, ಎಲ್ಲರೂ ಗಟ್ಟಿಯಾಗಿ ಎಣಿಸುವಂತೆ ಮಾಡಿದರೆ ಉಸಿರು ತಾನೇ ಹೊರಬರುತ್ತದೆ.

ನೆರವಿಗೆ ನಿಲ್ಲುವವರು ಬಲಹೀನವಾದ ಪಕ್ಕದಲ್ಲಿ, ಅರ್ಧ ಹೆಜ್ಜೆ ಹಿಂದೆ ನಿಲ್ಲಬೇಕು. ಕೈ, ಆಸರೆಗೆಂದು ಹಿರಿಯರ ಸೊಂಟಕ್ಕೆ ಕಟ್ಟಿದ ಬೆಲ್ಟಿನ ಮೇಲಿರಲಿ. ತೋಳು ಹಿಡಿದು ಎಳೆಯುವುದು, ಕಂಕುಳಿಗೆ ಕೈ ಹಾಕಿ ಎತ್ತುವುದು ಎಂದಿಗೂ ಬೇಡ. ಪಾರ್ಶ್ವವಾಯು ಆದವರ ಭುಜ ಹಾಗೆ ಎಳೆದಾಗ ಕೀಲಿನಿಂದ ಜಾರುವುದುಂಟು. ಸೊಂಟದ ಕೀಲು ಬದಲಿಸಿಕೊಂಡವರಿಗೆ ಎತ್ತರದ ಆಸನ ಕೊಡಿ. ಅವರು ಎಷ್ಟು ಬಾಗಬಹುದು, ಕಾಲ ಮೇಲೆ ಕಾಲು ಹಾಕಬಹುದೇ ಎನ್ನುವುದನ್ನು ಫಿಸಿಯೋಥೆರಪಿಸ್ಟ್ ಬರೆದುಕೊಟ್ಟ ಹಾಗೆಯೇ ಪಾಲಿಸಿ.

ಉಳಿದದ್ದರಲ್ಲಿ ಏಳು ನಿಮಿಷ ಸಮತೋಲ: ಕುರ್ಚಿಯ ಬೆನ್ನು ಹಿಡಿದು ಪಾದ ಜೋಡಿಸಿ ಹತ್ತು ಎಣಿಕೆ, ಆಮೇಲೆ ಒಂದು ಪಾದ ಅರ್ಧ ಮುಂದೆ, ಅದು ಗಟ್ಟಿಯಾದ ಮೇಲೆ ಮುಂದಿನ ಪಾದದ ಹಿಮ್ಮಡಿಗೆ ಹಿಂದಿನ ಪಾದದ ಬೆರಳು ತಾಗಿಸಿ. ಕೊನೆಗೆ ಕೂತು ನಿಧಾನ ಉಸಿರು, ಒಂದು ಲೋಟ ನೀರು. ವಯಸ್ಸಾದಂತೆ ಬಾಯಾರಿಕೆ ಮಂದವಾಗುವುದರಿಂದ, ನೀರು ಬೇಕೇ ಎಂದು ಕೇಳುವ ಬದಲು ಕೈಗೇ ಕೊಡಿ (ನೀರಿನ ಮಿತಿ ಹೇಳಿರುವವರಿಗೆ ಬಿಟ್ಟು). ಎದೆನೋವು, ತಣ್ಣನೆಯ ಬೆವರು, ಒಂದು ಪಕ್ಕದ ಹೊಸ ನಿಶ್ಶಕ್ತಿ, ಮಾತಾಡಲಾಗದಷ್ಟು ಏದುಸಿರು ಕಂಡರೆ ತಕ್ಷಣ ನಿಲ್ಲಿಸಿ ನರ್ಸ್‌ನ್ನು ಕರೆಯಿರಿ. ಬಿದ್ದವರನ್ನು ಅವಸರದಲ್ಲಿ ಎತ್ತಬೇಡಿ.

ಮೂರು ತಿಂಗಳಿಗೊಮ್ಮೆ ಅಳೆಯಿರಿ: ಕೈ ಎದೆಗೆ ಕಟ್ಟಿಕೊಂಡು 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ನಿಂತರು ಎಂದು. 75ರಿಂದ 79ರ ಮಹಿಳೆಯರಲ್ಲಿ 10ಕ್ಕಿಂತ, ಪುರುಷರಲ್ಲಿ 11ಕ್ಕಿಂತ ಕಡಿಮೆ ಬಂದರೆ ಬೀಳುವ ಅಪಾಯ ಹೆಚ್ಚು. ಕೈ ಊರಿದರೆ ಲೆಕ್ಕ ಸೊನ್ನೆ. ಈ ಅಂಕಿಯನ್ನೂ ಗೋಡೆಗೆ ಹಾಕಬೇಡಿ, ಅವರವರಿಗೆ ಮಾತ್ರ ಹೇಳಿ.

ಹಾಜರಿ ಪುಸ್ತಕದಲ್ಲಿ ಬಂದವರ ಹೆಸರಿನ ಪಕ್ಕ ಕರೆತಂದವರ ಹೆಸರೂ ಇರಲಿ. ಯಾರ ಪಾಳಿಯಲ್ಲಿ ಯಾರು ಬರುವುದಿಲ್ಲ ಎನ್ನುವುದು ಎರಡು ವಾರದಲ್ಲಿ ಕಣ್ಣಿಗೆ ಬೀಳುತ್ತದೆ. ಮೂರು ದಿನ ಬಾರದವರ ಕೋಣೆಗೆ ಹೋಗಿ, ಕೂತು ಕೇಳಿ. ಹೊಸಬರ ಪರಿಚಯ ಆಗಿಲ್ಲವೇ, ಶ್ರವಣಯಂತ್ರದ ಬ್ಯಾಟರಿ ಮುಗಿದಿದೆಯೇ, ಮಲಬದ್ಧತೆಯೇ, ಶೂ ಬಿಗಿಯಾಗಿದೆಯೇ. ಶೂ ಬಿಗಿಯಾಗಿದ್ದರೆ ಪಾದ ಒತ್ತಿ ನೋಡಿ: ಬೆರಳಿನ ಗುಳಿ ಹಾಗೇ ಉಳಿದರೆ ಅದೇ ದಿನ ನರ್ಸ್‌ಗೆ ಹೇಳಿ.